ಎಲುಬಿನ ಹಾಲು

ಯಂತ್ರ ಸದ್ದು ಮಾಡುತ್ತಿರಲಿಲ್ಲ. ಸದ್ದೆಲ್ಲ ಮಂಚದ ಮೇಲಿದ್ದ ತರುಣನದು. ಜಲ್ಲಿ ಸಾಗಿಸುವ ಟಿಪ್ಪರ್ ಹರಿದು ಅವನ ಕಣಕಾಲಿನ ಎಲುಬು ಚರ್ಮ ಸೀಳಿಕೊಂಡು ಹೊರಗೆ ಇಣುಕುತ್ತಿತ್ತು. ಇಬ್ಬರು ನರ್ಸುಗಳು ಅವನ ಭುಜ ಒತ್ತಿ ಹಿಡಿದಿದ್ದರು. ಮೂರನೆಯವನೊಬ್ಬ ಇನ್ನೊಂದು ಕಾಲಿನ ಮೇಲೆ ಕೂತೇ ಬಿಟ್ಟಿದ್ದ. ಮುರಿದ ಜಾಗಕ್ಕೆ ಇಳಿಸಿದ್ದ ಕೂದಲಿನಷ್ಟು ತೆಳುವಾದ ಸೂಜಿಯಿಂದ, ಮಜ್ಜಿಗೆಯ ಮೇಲಿನ ತಿಳಿಯಂಥ ದ್ರವವೊಂದು ಗಾಜಿನ ನಳಿಗೆಗೆ ಹನಿಹನಿಯಾಗಿ ಇಳಿಯುತ್ತಿತ್ತು. ಪರದೆಯ ಆಚೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮಲಗಿದ್ದರು. ನಳಿಗೆಯ ಇನ್ನೊಂದು ತುದಿ ಅವರ ಮುರಿದ ತೊಡೆಯಲ್ಲಿತ್ತು.

"ಯಾರವ್ವಾ ಅದು, ಅಷ್ಟು ಒದರಾಕತ್ತಿದ್ದು?" ಎಂದು ಅಜ್ಜಿ ಕೇಳಿದರು. ನರ್ಸೊಬ್ಬಳು ಬಂದು ಪರದೆಯನ್ನು ಇನ್ನಷ್ಟು ಎಳೆದಳು.

ಈ ಯಂತ್ರದ ಹೆಸರು ದುಗ್ಧವಾಹಿ. ಅದನ್ನು ಕಂಡುಹಿಡಿದವರು ಡಾ. ಸುಲೋಚನಾ ಮಗದುಮ್. ಊರಿನ ಹೆಸರು ಹೇಳಿದರೆ ಆ ಊರಿನವರು ಜಗಳಕ್ಕೆ ಬಂದಾರು. ಘಟಪ್ರಭೆಯ ದಂಡೆಯ ಮೇಲಿನ ಒಂದು ಊರು ಎಂದಿಟ್ಟುಕೊಂಡರೆ ಸಾಕು. ಸುಲೋಚನಾ ಜೈನ ಮನೆತನದವರು, ಸೂರ್ಯ ಮುಳುಗಿದ ಮೇಲೆ ಊಟ ಮಾಡದವರು, ಆಸ್ಪತ್ರೆಯ ಅಂಗಳದಲ್ಲಿ ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವವರು. ಅವರ ಯಂತ್ರದಿಂದ ಜಿಲ್ಲೆಯಲ್ಲಿ ಹರಿದ ನೆತ್ತರನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ವಿಷಯ ಸರಳ. ನಮ್ಮ ದೇಹದಲ್ಲಿ ರಕ್ತನಾಳಗಳ ಜೊತೆಗೆ ದುಗ್ಧನಾಳಗಳೂ ಇವೆ. ರಕ್ತ ಬಿಟ್ಟುಹೋದ ನೀರನ್ನು, ಕೊಳೆಯನ್ನು ಗುಡಿಸಿಕೊಂಡು ಹೋಗುವ ಚರಂಡಿ ಇವು ಎಂದು ಹಿಂದಿನವರು ತಿಳಿದಿದ್ದರು. ಗಟ್ಟಿ ಮೂಳೆಯೊಳಗೆ ಇವು ಇಲ್ಲವೇ ಇಲ್ಲ ಎಂದು ಪುಸ್ತಕಗಳಲ್ಲಿ ಬರೆದೂ ಇಟ್ಟಿದ್ದರು. ಮೂಳೆಯನ್ನು ಗಾಜಿನಂತೆ ತಿಳಿಯಾಗಿಸಿ ಬೆಳಕು ಹಾಯಿಸಿ ನೋಡುವ ವಿದ್ಯೆ ಬಂದ ಮೇಲೆ ನಿಜ ಗೊತ್ತಾಯಿತು. ಮೂಳೆ ಮುರಿದಾಗ ಅದರೊಳಗೆ ದುಗ್ಧನಾಳಗಳು ಚಿಗುರುತ್ತವೆ. ಅಲ್ಲಿ ಸ್ರವಿಸುವ ರಸವು ಮೂಳೆ ಕಟ್ಟುವ ಕಣಗಳನ್ನು ತಟ್ಟಿ ಎಬ್ಬಿಸುತ್ತದೆ. ಮುದುಕರಲ್ಲಿ ಈ ಚಿಗುರು ಒಡೆಯುವುದಿಲ್ಲ. ಹಾಗಾಗಿ ಅವರ ಮುರಿದ ಎಲುಬು ಕೂಡುವುದಿಲ್ಲ.

ಸುಲೋಚನಾ ಮಾಡಿದ್ದಿಷ್ಟು. ತರುಣರ ಮುರಿದ ಮೂಳೆಯಲ್ಲಿ ಬೆಳಕಿನ ಮಿಡಿತದಿಂದ ಆ ನಾಳಗಳನ್ನು ಕೆಲವೇ ಗಂಟೆಗಳಲ್ಲಿ ಚಿಗುರಿಸಿ, ರಸವನ್ನು ಸೆಳೆದು, ಮುದುಕರ ಮೂಳೆಗೆ ಹರಿಸಿದರು. ನಡೆಯಲಾರರು ಎಂದು ಮನೆಯವರು ಕೈಬಿಟ್ಟಿದ್ದ ಅಜ್ಜ ಅಜ್ಜಿಯರು ಎದ್ದು ನಡೆದರು. ಜನ ಅದನ್ನು ಎಲುಬಿನ ಹಾಲು ಎಂದು ಕರೆದರು. ಒಂದೇ ತೊಡಕಿತ್ತು. ಅರಿವಳಿಕೆ ಕೊಟ್ಟರೆ ಹನಿಯೂ ಬರುತ್ತಿರಲಿಲ್ಲ. ನೋವು ನರಗಳಲ್ಲಿ ಓಡಿ ಸುದ್ದಿ ಮುಟ್ಟಿಸಿದರೆ ಮಾತ್ರ ನಾಳಗಳು ಬಾಯಿ ಬಿಡುತ್ತಿದ್ದವು.

ಅಪಘಾತದಲ್ಲಿ ಮುರಿದ ಮೂಳೆಯಿಂದ ಮಾತ್ರ ಹಾಲು ತೆಗೆಯತಕ್ಕದ್ದು ಎಂದು ಸರ್ಕಾರ ನಿಯಮ ಮಾಡಿತು. ಆಮೇಲೆ ಜಿಲ್ಲೆಯಲ್ಲಿ ಅಪಘಾತಗಳು ಹೆಚ್ಚಾದವು. ಸಕ್ಕರೆ ಕಾರ್ಖಾನೆಯ ಮಾಲಕನ ತಾಯಿ ಬಿದ್ದ ವಾರವೇ ಕಬ್ಬು ಕಡಿಯುವವನೊಬ್ಬನ ಕಾಲ ಮೇಲೆ ಟ್ರ್ಯಾಕ್ಟರ್ ಹಿಂದಕ್ಕೂ ಮುಂದಕ್ಕೂ ಹರಿಯಿತು. ಬಸ್ ನಿಲ್ದಾಣದ ಹಿಂದೆ ಕಬ್ಬಿಣದ ಸಲಾಕೆ ಹಿಡಿದು ನಿಂತವರಿದ್ದರು. ಪೊಲೀಸರು ಕೆಲವರನ್ನು ಹಿಡಿದರು, ಕೆಲವರನ್ನು ಬಿಟ್ಟರು. "ಇದು ಪೊಲೀಸರ ಕೆಲಸ, ನನ್ನದಲ್ಲ," ಎಂದು ಸುಲೋಚನಾ ಪತ್ರಕರ್ತರಿಗೆ ಹೇಳಿದರು. ಹಾಗೆ ಹೇಳಿದ ದಿನ ಅವರಿಗೆ ಊಟ ಸೇರಲಿಲ್ಲವಂತೆ. ಸೇರದಿದ್ದರೆ ಯಾರಿಗೇನು ಬಂತು?

ಇಷ್ಟರಲ್ಲಿ ಯಮನಪ್ಪ ವಸ್ತಾದರು ಬಿದ್ದರು.

ಆ ಊರಿನ ಗರಡಿ ಮನೆ ನೂರು ವರ್ಷಗಳಿಗೂ ಹಳೆಯದು. ವಸ್ತಾದ ಎಂದರೆ ಅಲ್ಲಿ ಕುಸ್ತಿ ಕಲಿಸುವ ಗುರು. ಎಪ್ಪತ್ತು ದಾಟಿದರೂ ಯಮನಪ್ಪನವರು ದಿನಾ ಬೆಳಿಗ್ಗೆ ಮಣ್ಣಿಗೆ ಇಳಿಯುತ್ತಿದ್ದರು. ಅವರಿಗೆ ಹೆಂಡತಿ ಮಕ್ಕಳಿಲ್ಲ, ಗರಡಿಯೇ ಸಂಸಾರ. ಎಂಥೆಂಥ ಪೈಲವಾನರೂ ಕೆಡವಲಾಗದ ಮನುಷ್ಯನನ್ನು ಬಚ್ಚಲಿನ ಪಾಚಿ ಕೆಡವಿತು. ಬಲತೊಡೆಯ ಎಲುಬು ಸೊಂಟದ ಹತ್ತಿರ ಎರಡಾಯಿತು. ಅವರನ್ನು ಹೊತ್ತು ತಂದವರು ಇಬ್ಬರು ಶಿಷ್ಯರು, ದಸ್ತಗೀರ ಮತ್ತು ಭರಮಪ್ಪ. ಇಬ್ಬರೂ ಸಣ್ಣವರಿದ್ದಾಗಿನಿಂದ ಅವರ ಕೈಯಲ್ಲೇ ಬೆಳೆದವರು, ಅವರ ತಟ್ಟೆಯಲ್ಲೇ ಉಂಡವರು.

"ಎದಿ ವೀಕ್ ಐತಿ," ಎಂದರು ಸುಲೋಚನಾ. "ಆಪರೇಷನ್ ತಡಕೊಳ್ಳಾಂಗಿಲ್ಲ. ಹಿಂಗ ಮಲಗಿದ್ರ ವರ್ಷ ತುಂಬೂದು ಕಷ್ಟ. ಹಾಲು ಸಿಕ್ಕರ ಮಾತ್ರ ಎದ್ದು ಕುಂದರತಾರ."

"ನನಗ ಆ ಹಾಲು ಬ್ಯಾಡ, ತಂಗಿ," ಎಂದರು ಮಂಚದ ಮೇಲಿಂದ ವಸ್ತಾದರು. "ಯಾರದೋ ಎಲುಬು ಮುರದು ನಾ ನಡದೇನು ಮಾಡ್ಲಿ? ಸಾಯೂ ವಯಸ್ಸು. ಸಾಯ್ತೀನಿ."

ಶಿಷ್ಯರು ಡಾಕ್ಟರರನ್ನು ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದರು. ದಸ್ತಗೀರ ಕೈಕಟ್ಟಿ ನಿಂತು ಕೇಳಿದ.

"ಬಾಯಾರ, ಕೈ ಮುರದವನ ಹಾಲು ತೊಡಿಗೆ ನಡೀತೈತ್ರಿ?"

"ನಡೀತೈತಿ. ಯಾವ ಎಲುಬಾದ್ರೂ ಹಾಲು ಒಂದ."

"ಹಾಲು ಭಾಳ ಯಾವಾಗ ಬರ್ತೈತ್ರಿ?"

ಸುಲೋಚನಾ ವಿವರಿಸಿದರು. ಯಾರಾದರೂ ಕೇಳಿದರೆ ಅವರಿಗೆ ಹೇಳದೆ ಇರಲು ಬರುವುದಿಲ್ಲ. ವಿಜ್ಞಾನ ಜನರಿಗೆ ತಿಳಿಯಬೇಕು ಎನ್ನುವವರು ಅವರು. ಒಂದೇ ಎಲುಬಿಗಿಂತ ಮುಂಗೈಯ ಜೋಡಿ ಎಲುಬು ಮುರಿದರೆ ಹೆಚ್ಚು ಹಾಲು, ಮುರಿದವನಿಗೆ ಎಚ್ಚರವಿರಬೇಕು, ಅರ್ಧ ದಿನದೊಳಗೆ ಆಸ್ಪತ್ರೆಗೆ ಬರಬೇಕು. ಪೈಲವಾನರಿಬ್ಬರೂ ಹೊಸ ಪಟ್ಟು ಕಲಿಯುವಾಗಿನ ಹಾಗೆ ಕಣ್ಣು ಮಿಟುಕಿಸದೆ ಕೇಳಿದರು. ಆ ಕಣ್ಣುಗಳನ್ನು ನೋಡಿಯೂ ಆಕೆಗೆ ಅರ್ಥವಾಗಲಿಲ್ಲವೇ ಎಂದು ನೀವು ಕೇಳಬಹುದು. ಓದಿದವರಿಗೆ ಎದುರಿನವರು ಗಮನವಿಟ್ಟು ಕೇಳಿದರೆ ಖುಷಿಯಾಗುತ್ತದೆ, ಅಷ್ಟೇ.

ಮರುದಿನ ಬೆಳಿಗ್ಗೆ ಗರಡಿಯಲ್ಲಿ ಜಗಳ ಹತ್ತಿತು. ಯಾರ ಕೈ ಮುರಿಯಬೇಕು? ನನ್ನದು ಎಂದ ದಸ್ತಗೀರ. ನಿನಗಿಂತ ಮೊದಲು ಗರಡಿಗೆ ಬಂದವನು ನಾನು, ನನ್ನದು ಎಂದ ಭರಮಪ್ಪ. ಬೇರೆ ಊರಿನವರಾದರೆ ಚೀಟಿ ಎತ್ತುತ್ತಿದ್ದರು. ಗರಡಿಯಲ್ಲಿ ಎಲ್ಲ ತಕರಾರೂ ತೀರುವುದು ಮಣ್ಣಿನಲ್ಲಿ. ಗೆದ್ದವನ ಕೈ, ಮುರಿಯುವವನು ಸೋತವನು ಎಂದು ಮಾತಾಯಿತು. ತನ್ನ ಕೈ ಮುರಿಸಿಕೊಳ್ಳುವ ಹಕ್ಕಿಗಾಗಿ ಮನುಷ್ಯರು ಹೊಡೆದಾಡಿದ್ದು ಲೋಕದಲ್ಲಿ ಅದೇ ಮೊದಲಿರಬೇಕು.

ಇಬ್ಬರೂ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡರು. ಆಮೇಲೆ ನಡೆದದ್ದು ಕುಸ್ತಿಯಲ್ಲ. ಭರಮಪ್ಪ ತಲೆಯಿಂದ ಗುದ್ದಿ ದಸ್ತಗೀರನ ಹುಬ್ಬು ಒಡೆದ. ದಸ್ತಗೀರ ಅವನ ಕಿವಿಗೆ ಮುಂಗೈಯಿಂದ ಬಾರಿಸಿ, ಕೆಳಗೆ ಕೆಡವಿ, ಬೆನ್ನೆಲುಬಿನ ಮೇಲೆ ಮೊಣಕಾಲೂರಿ ಮುಖವನ್ನು ಮಣ್ಣಿಗೆ ಉಜ್ಜಿದ. ಎಣ್ಣೆ, ಅರಿಶಿನ, ಮಜ್ಜಿಗೆ ಕಲಸಿ ಹದ ಮಾಡಿದ ಕೆಂಪು ಮಣ್ಣು ನೆತ್ತರಿಗೆ ಕಪ್ಪಾಯಿತು. ಭರಮಪ್ಪ ಹಲ್ಲು ಕಚ್ಚಿ ಹೊರಳಿ ಅವನ ಕುತ್ತಿಗೆಗೆ ತೊಡೆ ಹಾಕಿದ. ಕೊನೆಗೆ ಭರಮಪ್ಪನ ಎರಡು ಭುಜಗಳೂ ಮಣ್ಣಿಗೆ ತಾಗಿದವು. ಸೋತವನು ಅಲ್ಲೇ ಮಲಗಿ ಅತ್ತ.

"ಅಳಬ್ಯಾಡ. ಏಳು," ಎಂದ ದಸ್ತಗೀರ. ಎಡಗೈಯನ್ನು ಭಾರ ಎತ್ತುವ ಕಲ್ಲಿನ ಅಂಚಿಗೆ ಚಾಚಿ ಕೂತ. ಭರಮಪ್ಪ ಗದೆ ಎತ್ತಿದ. ಮೊದಲ ಏಟು ಹೆದರಿದ ಏಟು. ಒಂದು ಎಲುಬಷ್ಟೇ ಮುರಿಯಿತು. ದಸ್ತಗೀರನ ಬಾಯಿಂದ ನೊರೆ ಬಂತು. "ಇನ್ನೊಂದು ಉಳಿದೈತಿ. ಹೊಡಿಯಲೇ, ಹೊಡಿ," ಎಂದ. ಎರಡನೆಯ ಏಟಿಗೆ ಮುಂಗೈ ಕಲ್ಲಿನ ಆಚೆ ಜೋತಿತು.

ಆಸ್ಪತ್ರೆಯಲ್ಲಿ ಕುಸ್ತಿಯಲ್ಲಿ ಮುರಿಯಿತು ಎಂದು ಹೇಳಿದರು. ಸುಲೋಚನಾ ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದರು. ಕುಸ್ತಿಯಲ್ಲಿ ಮುರಿಯುವ ಎಲುಬು ತಿರುಚಿಕೊಂಡು ಮುರಿಯುತ್ತದೆ. ಇದು ಕಟ್ಟಿಗೆ ತುಂಡರಿಸಿದ ಹಾಗೆ ಅಡ್ಡ ಮುರಿದಿತ್ತು. ಅವರು ದಸ್ತಗೀರನ ಮುಖ ನೋಡಿದರು. ಆಮೇಲೆ ಸೂಜಿ ಕೈಗೆ ತೆಗೆದುಕೊಂಡರು. ಕೇಳಲಿಲ್ಲ. ಜ್ವರದ ಮಂಪರಿನಲ್ಲಿದ್ದ ವಸ್ತಾದರಿಗೆ, ಬೈಕಿನಿಂದ ಬಿದ್ದ ಯಾವನೋ ಪರಊರಿನವನ ಹಾಲು ಎಂದು ಶಿಷ್ಯರು ನಂಬಿಸಿದರು. ಹಳೆಯ ಎಲುಬಿಗೆ ಹೆಚ್ಚು ಬೇಕೆಂದು ಸುಲೋಚನಾ ದಸ್ತಗೀರನ ಎಲುಬಿನಿಂದ ಕೊನೆಯ ಹನಿಯವರೆಗೂ ಸೆಳೆದರು.

ವಸ್ತಾದರು ಎದ್ದರು. ಎರಡು ತಿಂಗಳು ಕಳೆಯುವುದರೊಳಗೆ ಕೋಲಿಲ್ಲದೆ ನಡೆದರು. "ಕೂಡಿದ ಎಲುಬು ಇನ್ನೂ ಹಸಿ ಐತಿ, ಬಲಗಡೆಗೆ ಮಾತ್ರ ಬೀಳಬ್ಯಾಡ್ರಿ," ಎಂದು ಸುಲೋಚನಾ ಎಚ್ಚರಿಸಿ ಕಳಿಸಿದರು. ಗರಡಿಗೆ ಬಂದ ವಸ್ತಾದರು ಮೊದಲು ಕಂಡದ್ದು ದಸ್ತಗೀರನ ಕೈ. ಅದು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿತ್ತು; ಕುಸ್ತಿಯಲ್ಲಿ ಮುರಿಯಿತು ಎಂದು ಅವರಿಗೂ ಹೇಳಿದರು. ತಿಂಗಳುಗಳು ಕಳೆದರೂ ಅಲ್ಲೇ ಇತ್ತು. ಬಟ್ಟೆ ಬಿಚ್ಚಿದರೆ ಮುಂಗೈ ನಡುವೆ ಮಡಚಿಕೊಳ್ಳುತ್ತಿತ್ತು, ಅಲ್ಲೊಂದು ಹೊಸ ಕೀಲು ಇದ್ದ ಹಾಗೆ. ಆಸ್ಪತ್ರೆಯಲ್ಲಿ ಎಲುಬಿಗೆ ಲೋಹದ ಪಟ್ಟಿ ಹಾಕಿ ತಿರುಪು ಬಿಗಿದರು. ತಿರುಪುಗಳೇ ಸಡಿಲಾಗಿ ಹೊರಬಂದವು. ದಸ್ತಗೀರನಿಗೆ ಊಟದ ತಟ್ಟೆ ಹಿಡಿಯಲೂ ಆಗುತ್ತಿರಲಿಲ್ಲ.

ಈಗ ಸುಲೋಚನಾ ಹೆದರಿದರು. ಈ ಮೊದಲು ಹಾಲು ಕೊಟ್ಟವರಲ್ಲಿ ಯಾರೂ ನೋವು ಎಂದು ಮರಳಿ ಬಂದಿರಲಿಲ್ಲ. ಬಾರದಿದ್ದವರೆಲ್ಲ ಗುಣವಾದರು ಎಂದು ಅವರು ನಂಬಿದ್ದರು. ಅಪಘಾತಕ್ಕೆ ಸಿಕ್ಕುವವರು ಹೆಚ್ಚಿನಂಶ ರಸ್ತೆ ಕೆಲಸದವರು, ಕಬ್ಬು ಕಡಿಯುವವರು, ಹಂಗಾಮು ಮುಗಿದರೆ ಗಂಟು ಕಟ್ಟುವವರು. ಅವರು ಎಲ್ಲಿಂದ ಮರಳಿ ಬಂದಾರು? ಸುಲೋಚನಾ ಕಾರು ತೆಗೆದುಕೊಂಡು ಊರೂರು ಹುಡುಕಿದರು. ಟಿಪ್ಪರಿಗೆ ಸಿಕ್ಕಿದ್ದ ತರುಣ ಒಂದು ಗುಡಿಸಲಿನ ಮುಂದೆ ಸಿಕ್ಕ. ಕಾಲನ್ನು ಬಿದಿರಿನ ದಬ್ಬೆಗೆ ಕಟ್ಟಿಕೊಂಡು ತೆವಳುತ್ತಿದ್ದ. ಸಿಕ್ಕವರೆಲ್ಲರ ಕತೆಯೂ ಅದೇ. ಹಾಲು ಹೋದ ಎಲುಬು ಮತ್ತೆ ಹಾಲು ಬಿಡುವುದಿಲ್ಲ, ತಾನಾಗಿ ಕೂಡುವುದೂ ಇಲ್ಲ. ತಮ್ಮ ಯಂತ್ರ ಒಂದು ಎಲುಬನ್ನೂ ಕೂಡಿಸಿರಲಿಲ್ಲ. ಮುರಿತವನ್ನು ಒಬ್ಬರ ಮೈಯಿಂದ ತೆಗೆದು ಇನ್ನೊಬ್ಬರ ಮೈಯಲ್ಲಿ ಇಟ್ಟಿತ್ತು. ಅವರು ಅಲ್ಲೇ ಧೂಳಿನಲ್ಲಿ ಕೂತು ಅತ್ತರು ಎಂದು ಡ್ರೈವರ್ ಹೇಳುತ್ತಾನೆ.

ಸುಲೋಚನಾ ಊರಿಗೆ ಮರಳಿದವರೇ ಗರಡಿಗೆ ಹೋಗಿ ವಸ್ತಾದರಿಗೆ ಎಲ್ಲವನ್ನೂ ಹೇಳಿದರು. ಕಲ್ಲು, ಗದೆ, ಎರಡು ಏಟು ಎಲ್ಲವೂ ಆಗ ಶಿಷ್ಯರ ಬಾಯಿಂದ ಹೊರಬಿತ್ತು. ವಸ್ತಾದರು ಭರಮಪ್ಪನನ್ನು ಕರೆದು ಕೆನ್ನೆಗೆ ಹೊಡೆದರು. ದಸ್ತಗೀರನನ್ನು ಕರೆದರು, ಕೈ ಎತ್ತಿದರು, ಹೊಡೆಯಲಿಲ್ಲ.

ಅಷ್ಟಕ್ಕೆ ಮುಗಿಯಲಿಲ್ಲ. ಮರುದಿನ ವಸ್ತಾದರು ಗರಡಿಯ ಬಾಗಿಲು ತೆರೆದಾಗ ಒಳಗೆ ಹೊಡೆದಾಟ ನಡೆದಿತ್ತು. ದಸ್ತಗೀರನಿಗೆ ಹಾಲು ಕೊಡುವ ಹಕ್ಕಿಗಾಗಿ ಭರಮಪ್ಪ ಮೂವರ ಮೇಲೆ ಬಿದ್ದಿದ್ದ. ಒಬ್ಬನ ಹಲ್ಲು ಮಣ್ಣಿನಲ್ಲಿತ್ತು. ಇನ್ನೊಬ್ಬನ ಕಣ್ಣು ಮುಚ್ಚಿ ಊದಿತ್ತು. ಭಾರದ ಕಲ್ಲನ್ನು ಆಗಲೇ ತೊಳೆದು ಗದೆಯ ಪಕ್ಕಕ್ಕೆ ಸರಿಸಿ ಇಟ್ಟಿದ್ದರು. ವಸ್ತಾದರು ಬೆತ್ತ ತೆಗೆದುಕೊಂಡು ಸಿಕ್ಕಸಿಕ್ಕವರಿಗೆ ಬಾರಿಸಿದರು. ಆಮೇಲೆ ಕುಸಿದು ಕೂತರು. ಇವನಿಗಾಗಿ ಅವನು, ಅವನಿಗಾಗಿ ಮತ್ತೊಬ್ಬ; ಗರಡಿಯಲ್ಲಿ ಇರುವಷ್ಟು ಕೈಗಳೂ ಮುರಿಯುತ್ತವೆ ಎಂದು ಅವರಿಗೆ ಹೊಳೆಯಿತು.

ಅವರು ನೇರ ಆಸ್ಪತ್ರೆಗೆ ನಡೆದರು.

"ತಂಗಿ, ನನ್ನ ತೊಡಿಯಾಗ ಈಗ ಇರೂ ನಾಳ ಯಾರವು?"

"ನಿಮ್ಮವ. ದಸ್ತಗೀರನ ಹಾಲಿನಿಂದ ಹುಟ್ಟ್ಯಾವ."

"ಅಂದ್ರ ಹರೇದವರ ನಾಳದಂಗ ಹೊಸಾವು."

"ಹೌದ್ರಿ."

"ಆ ಎಲುಬು ತಿರುಗಿ ಮುರದ್ರ ಹಾಲು ಬರ್ತೈತಿ?"

ಸುಲೋಚನಾ ತಲೆ ತಗ್ಗಿಸಿದರು. ಈ ಸಲ ವಿವರಿಸಬಾರದು ಎಂದು ಅವರಿಗೆ ಗೊತ್ತಿತ್ತು.

"ಆ ಹುಡುಗರಿಗೆ ಎಲ್ಲಾ ಬಿಡಿಸಿ ಹೇಳಿದಿ. ನನಗ ಮಾತ್ರ ಸುಮ್ಮನ ನಿಂತಿ," ಎಂದರು ವಸ್ತಾದರು. "ಆತು. ನಾಳೆ ಮುಂಜಾನೆ ನಿನ್ನ ಯಂತ್ರ ಗರಡಿಗೆ ತಗೊಂಡು ಬಾ."

"ನಾ ಬರೂದಿಲ್ಲ. ನೀವು ಹಂಗ ಮಾಡಿದ್ರ ತಿರುಗಿ ಏಳಾಂಗಿಲ್ಲ, ವಸ್ತಾದರ."

"ನೀ ಬರದಿದ್ರ ಹಾಲು ಮಣ್ಣಿಗೆ ಹೋಗ್ತೈತಿ. ಅಷ್ಟ."

ಸುಲೋಚನಾ ಪೊಲೀಸರಿಗೆ ಹೇಳಬಹುದಿತ್ತು. ವಸ್ತಾದರನ್ನು ಆಸ್ಪತ್ರೆಯಲ್ಲೇ ಕೂಡಿಹಾಕಬಹುದಿತ್ತು. ಎರಡನ್ನೂ ಮಾಡಲಿಲ್ಲ. ಬೆಳಿಗ್ಗೆ ಯಂತ್ರವನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ಬಂದರು. ಅದಕ್ಕೆ ನಾನು ಅವರನ್ನು ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ.

ವಸ್ತಾದರು ಚಲ್ಲಣ ತೊಟ್ಟು ಮಣ್ಣಿಗೆ ಇಳಿದಿದ್ದರು. "ಬಾರೋ ಭರಮ್ಯಾ, ಒಂದು ಕೈ ಹಿಡಿಯೂಣು," ಎಂದರು. ಗುರುವೇ ತನ್ನನ್ನು ಕುಸ್ತಿಗೆ ಕರೆದ ಸಂತೋಷಕ್ಕೆ ಭರಮಪ್ಪ ಹಿಂದುಮುಂದು ನೋಡದೆ ಬಂದು ಕಾಲಿಗೆರಗಿದ. ಮುದುಕನನ್ನು ನೋಯಿಸಬಾರದೆಂದು ಮೆಲ್ಲಗೆ ಕೈಕೊಟ್ಟ. ಮರುಗಳಿಗೆ ವಸ್ತಾದರ ತೋಳು ಹಿಂದಿನಿಂದ ಅವನ ಕೊರಳಿಗೆ ಬಿತ್ತು.

ಅದು ಉಸಿರು ಕಟ್ಟಿಸುವ ಪಟ್ಟು. ಅದರಿಂದ ಬಿಡಿಸಿಕೊಳ್ಳಲು ಇರುವುದು ಒಂದೇ ದಾರಿ: ಬಾಗಿ, ಎದುರಾಳಿಯನ್ನು ಸೊಂಟದ ಮೇಲೆ ಹೇರಿ ಮುಂದಕ್ಕೆ ಒಗೆಯುವುದು. ಅದನ್ನು ಭರಮಪ್ಪನಿಗೆ ಚಿಕ್ಕಂದಿನಿಂದ ದಿನಾ ಮಾಡಿಸಿ, ನಿದ್ದೆಯಲ್ಲಿ ಎಬ್ಬಿಸಿದರೂ ಮೈ ತಾನೇ ಮಾಡುವಂತೆ ಕಲಿಸಿದವರು ಇದೇ ವಸ್ತಾದರು. ಭರಮಪ್ಪನಿಗೆ ಅರ್ಥವಾಯಿತು. ಅವನು ಬಗ್ಗಲಿಲ್ಲ. ಕೈ ಕೆಳಗೆ ಬಿಟ್ಟು ನಿಂತ. ವಸ್ತಾದರು ಇನ್ನೂ ಬಿಗಿದರು. ಅವನ ಮುಖ ಕೆಂಪಾಯಿತು, ನೀಲಿಯಾಯಿತು, ಕಣ್ಣುಗುಡ್ಡೆ ಹೊರಬಂದವು, ಬಾಯಿಂದ ಜೊಲ್ಲು ಇಳಿಯಿತು. ದಸ್ತಗೀರ ಒಂದೇ ಕೈಯಲ್ಲಿ ಬಿಡಿಸಲು ಓಡಿಬಂದ. ವಸ್ತಾದರು ಅವನನ್ನು ಒದ್ದು ಕೆಡವಿದರು. ಮನಸ್ಸು ಎಷ್ಟು ಗಟ್ಟಿಯಿದ್ದರೇನು, ಉಸಿರಿಲ್ಲದ ಮೈ ಯಾರ ಮಾತೂ ಕೇಳುವುದಿಲ್ಲ. ಭರಮಪ್ಪನ ಮೈ ಬಾಗಿತು, ಸೊಂಟ ಏರಿತು. ವಸ್ತಾದರು ಗಾಳಿಯಲ್ಲೇ ತಮ್ಮ ಬಲಗಡೆ ಕೆಳಗೆ ಬರುವಂತೆ ಹೊರಳಿಕೊಂಡರು.

ಆ ಸಪ್ಪಳ ಗರಡಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಸುಲೋಚನಾ ಮಣ್ಣಿನಲ್ಲೇ ಮಂಡಿಯೂರಿ ಸೂಜಿ ಇಳಿಸಿದರು. ಗಂಟೆಗಟ್ಟಲೆ ವಸ್ತಾದರು ತಮ್ಮ ರುಮಾಲು ಕಚ್ಚಿಕೊಂಡು ಬಿದ್ದಿದ್ದರು. ಒಮ್ಮೆಯೂ ಚೀರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾಲು ಬಂತು. ದಸ್ತಗೀರ ಕೈ ಕೊಡಲು ಒಪ್ಪಲಿಲ್ಲ. ನಾಲ್ಕು ಜನ ಅವನನ್ನು ಕೆಡವಿ, ಎದೆಯ ಮೇಲೆ ಕೂತು, ಜೋತುಬಿದ್ದ ಮುಂಗೈಯನ್ನು ಹಿಡಿದುಕೊಡಬೇಕಾಯಿತು. ಅವನು ಅವರನ್ನು ಕಚ್ಚಿದ, ಬೈದ, ಡಾಕ್ಟರರನ್ನೂ ಬೈದ.

"ಸ್ವಲ್ಪ ನಿಮಗೂ ಇಡ್ತೀನಿ," ಎಂದು ಸುಲೋಚನಾ ವಸ್ತಾದರ ಕಿವಿಯಲ್ಲಿ ಹೇಳಿದರು. "ಅರ್ಧ ಇದ್ರ ನೀವೂ ಕೋಲು ಹಿಡದು..."

"ಅರ್ಧಾ ಮಾಡಿದ್ರ ಇಬ್ಬರೂ ಕುಂಟರ. ಪೂರಾ ತಗಿ."

ಅವರು ಪೂರಾ ತೆಗೆದರು.

ದಸ್ತಗೀರನ ಕೈ ಕೂಡಿತು. ವಸ್ತಾದರ ತೊಡೆ ಕೂಡಲಿಲ್ಲ. ಸುದ್ದಿ ಹಬ್ಬಿ ಸುತ್ತಲಿನ ಗರಡಿಗಳ ಪೈಲವಾನರೆಲ್ಲ ಆಸ್ಪತ್ರೆಯ ಮುಂದೆ ನಿಂತರು. ನನ್ನ ಕೈ ತಗೊಳ್ರಿ, ನನ್ನ ಕಾಲು ತಗೊಳ್ರಿ ಎಂದು ನೂಕಾಡಿದರು. ನೂಕಾಟದಲ್ಲಿ ಇಬ್ಬರಿಗೆ ಚೂರಿಯ ಗಾಯವಾಯಿತು. ವಸ್ತಾದರು ತಮ್ಮ ಮಂಚವನ್ನು ಹೊರಗಿನ ಕಟ್ಟೆಗೆ ಹೊರಿಸಿಕೊಂಡು ಬಂದರು. ಅಷ್ಟು ಜನರ ಮುಂದೆ ಅವರು ಹೇಳಿದ್ದು ಬಹಳ ಕಡಿಮೆ.

"ಮುರದದ್ದು ಒಂದ ಎಲುಬು. ಅದನ್ನ ಒಬ್ಬರ ಕೈಯಾಗಿಂದ ಇನ್ನೊಬ್ಬರ ಕೈಯಾಗ ಕೊಡಕೋತ ಹೊಂಟೀವಿ. ಯಾರರೇ ಒಬ್ರು ಇಟಗೊಬೇಕಲ್ಲ. ನಾ ಇಟಗೊಂಡೀನಿ. ಮನಿಗೆ ಹೋಗ್ರಿ."

ಜನ ಹೋದರು. ಸುಲೋಚನಾ ಯಂತ್ರವನ್ನು ಬಿಚ್ಚಿ, ತಮ್ಮ ಯಂತ್ರ ಏನು ಮಾಡುತ್ತದೆ ಎನ್ನುವುದನ್ನು ಸರ್ಕಾರಕ್ಕೆ ತಿಳಿಸಿದರು. ದುಗ್ಧವಾಹಿ ನಿಂತಿತು. ನಡೆಯಬಹುದಾಗಿದ್ದ ಎಷ್ಟೋ ಮುದುಕರು ಆ ವರ್ಷ ಹಾಸಿಗೆಯಲ್ಲೇ ಸತ್ತರು; ಅವರ ಮಕ್ಕಳು ಸುಲೋಚನಾರ ಮನೆಗೆ ಕಲ್ಲು ಹೊಡೆದರು.

ಬೇಸಿಗೆ ಮುಗಿಯುವ ಹೊತ್ತಿಗೆ ಸುಲೋಚನಾ ಒಮ್ಮೆ ಗರಡಿಗೆ ಹೋದರು. ಅಖಾಡದ ಅಂಚಿನಲ್ಲಿ ವಸ್ತಾದರು ಮಂಚದ ಮೇಲೆ ಒರಗಿದ್ದರು, ಅರ್ಧದಷ್ಟು ಇಳಿದುಹೋಗಿದ್ದರು. ಮಣ್ಣಿನಲ್ಲಿ ದಸ್ತಗೀರ ಮತ್ತು ಭರಮಪ್ಪ ಕೈ ಹಿಡಿದಿದ್ದರು. ದಸ್ತಗೀರ ಮೊದಲಿಗಿಂತ ಚುರುಕಾಗಿದ್ದ. ಒಂದು ತಿರುವಿನಲ್ಲಿ ಭರಮಪ್ಪನನ್ನು ಕೆಡವಿ ಅವನ ತೋಳನ್ನು ಬೆನ್ನಿಗೆ ಮಡಚಿದ. ಇನ್ನಷ್ಟು ಒತ್ತಿದರೆ ಗೆಲುವು. ಅಷ್ಟರಲ್ಲಿ ಅವನ ಬೆರಳುಗಳು ಸಡಿಲಾದವು. ಭರಮಪ್ಪ ಹೊರಳಿ ಅವನನ್ನೇ ಚಿತ್ ಮಾಡಿದ. ಪ್ರತಿ ದಿನವೂ ಹೀಗೇ ಆಗುತ್ತದೆ ಎಂದು ಪಕ್ಕದವರು ಹೇಳಿದರು.

ಸುಲೋಚನಾ ಅವನ ಕೈ ಹಿಡಿದು ಒತ್ತಿ ನೋಡಿದರು. ಎಲುಬು ಕಬ್ಬಿಣದಂತಿತ್ತು.

"ಇಲ್ಲಿ ನೋವು ಐತೇನಪಾ?"

"ಕೈಗೇನೂ ಆಗಿಲ್ರಿ, ಬಾಯಾರ. ಯಾರದರೇ ಕೈ ಮಡಚಿ ಹಿಡದ್ರ ಅವತ್ತಿನ ಸಪ್ಪಳ ಕೇಳಸ್ತೈತ್ರಿ."

"ನಿನ್ನ ಕೈ ಮುರದಿದ್ದು?"

"ನಂದಲ್ರಿ," ಎಂದ ದಸ್ತಗೀರ. "ಅವರದು."

ಸುಲೋಚನಾ ಮಂಚದ ಕಡೆ ನೋಡಿದರು. ಶಿಷ್ಯ ತಪ್ಪಿದರೆ ಬೆತ್ತ ಬೀಸುತ್ತಿದ್ದ ವಸ್ತಾದರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವನು ಕುಸ್ತಿ ಆಡಲೆಂದೇ ಅವರು ತೊಡೆ ಕೊಟ್ಟದ್ದು. ಅವರು ರುಮಾಲಿನಿಂದ ಮುಖ ಒರೆಸಿಕೊಂಡರು.

"ದಸ್ತಗೀರಾ, ಮೈ ತೊಳಕೊಂಡು ಊಟಕ್ಕ ನಡಿ," ಎಂದರು. ಆಮೇಲೆ ಮುಂದಿನ ಜೋಡಿಯನ್ನು ಕರೆದರು.